ನೆತ್ತರು ಉಳಿಯಿತು, ಡಬ್ಬಿ ಬೂಷ್ಟು ಹಿಡಿಯಿತು

ಜಡಿಮಳೆಯ ತಿಂಗಳು ಕಕ್ಕಡ ಕಳೆದು ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರವಾದಾಗ ಕೊಡಗಿನ ಮನೆಗಳಲ್ಲಿ ಬೀರು ತೆಗೆಯುವುದೇ ಒಂದು ಸಣ್ಣ ಹಾರರ್ ದೃಶ್ಯ. ಚರ್ಮದ ಬೆಲ್ಟಿನ ಮೇಲೆ ಹಸಿರು, ಮದುವೆ ಆಲ್ಬಮ್ಮಿನ ಮೇಲೆ ಬೂದು, ಕೊಡವ ಗಂಡಸರ ನಿಲುವಂಗಿ ಕುಪ್ಯದ ಮಡಿಕೆಯಲ್ಲಿ ಬಿಳಿ ಪುಡಿ. ಅದೇ ಬೀರಿನ ಮೇಲಿನ ಅರೆಯಲ್ಲಿ ನೆತ್ತರು ಹರಿಯುವ ಹಾರರ್ ಥ್ರಿಲ್ಲರ್ ಒಂದರ ಸ್ಪೆಷಲ್ ಎಡಿಷನ್ ಇದೆ ಅಂದುಕೊಳ್ಳಿ. ಗಟ್ಟಿ ರಟ್ಟಿನ ಕಪ್ಪು ಹೊರಡಬ್ಬಿ, ಒಳಗೆ ನೂರು ಪುಟದ ಪುಸ್ತಿಕೆ, ಮಡಚಿದ ಪೋಸ್ಟರ್, ಆರು ಚಿತ್ರದ ಕಾರ್ಡು, ಎರಡು ಡಿಸ್ಕ್. ಕಪ್ಪು ರಟ್ಟಿನ ಮೇಲೆ ಸಾಸಿವೆಯಷ್ಟು ಗಾತ್ರದ ಬಿಳಿ ಚುಕ್ಕೆಗಳು ಎದ್ದಿರುತ್ತವೆ, ಬೆನ್ನಿನ ಕಡೆ ಹೆಚ್ಚು, ಯಾಕೆಂದರೆ ಅಲ್ಲಿಯೇ ಅಂಟು ಇರುವುದು. ಪುಸ್ತಿಕೆಯ ಹಾಳೆ ಹಪ್ಪಳದ ಹಾಗೆ ಸೊಟ್ಟಗಾಗಿರುತ್ತದೆ. ಹೊರಡಬ್ಬಿ ನೀರು ಕುಡಿದು ಉಬ್ಬಿ ಒಳಗಿನ ಕೇಸ್ ಹೊರಗೆ ಬರುವುದಿಲ್ಲ. ಹೇಗೋ ಎಳೆದು ತೆಗೆದರೆ ಡಿಸ್ಕ್ ಮಾತ್ರ ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತದೆ.

ಪ್ರತಿ ಮಳೆಗಾಲ ಮುಗಿದಾಗಲೂ ಕಾಡುವ ಪ್ರಶ್ನೆ ಇದೇ. ಸಾದಾ ಆವೃತ್ತಿಗಿಂತ ಹೆಚ್ಚು ಕೊಟ್ಟ ದುಡ್ಡೆಲ್ಲ ಹೋದದ್ದು ರಟ್ಟು, ಕಾಗದ, ಅಂಟಿಗೆ. ನಮ್ಮ ಹವೆ ಮೊದಲು ತಿನ್ನುವುದೂ ಅದನ್ನೇ. ‘ವಿಶೇಷ’ ಅನ್ನುವುದು ಡಬ್ಬಿಯಲ್ಲಿದೆಯೋ ಡಿಸ್ಕಿನಲ್ಲಿದೆಯೋ ಎಂದು ಬೇರೆ ಊರಿನವರು ಹರಟೆಗೆ ಕೇಳಬಹುದು. ಮಡಿಕೇರಿಯಂಥ, ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುವ ಜಾಗದಲ್ಲಿ ಅದು ದುಡ್ಡಿನ ಪ್ರಶ್ನೆ.

ಕೆಂಪು ಎಲ್ಲಿ ಕೂತಿರುತ್ತದೆ

ಮೊದಲು ಡಿಸ್ಕ್. ನೆತ್ತರಿನ ಸಿನಿಮಾದಲ್ಲಿ ಮುಖ್ಯವಾದವು ಎರಡು: ಕತ್ತಲೆ, ಕೆಂಪು. ಡಿಜಿಟಲ್ ವಿಡಿಯೊಗೆ ಕಷ್ಟವಾಗುವುದೂ ಈ ಎರಡೇ. ಚಿತ್ರವನ್ನು ಡಿಸ್ಕಿಗೆ ತುಂಬುವಾಗ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಮಾಡುತ್ತಾರೆ. ಬೆಳಕಿಗೆ ಪೂರ್ತಿ ಜಾಗ, ಬಣ್ಣಕ್ಕೆ ಅಡ್ಡಕ್ಕೂ ಅರ್ಧ, ಉದ್ದಕ್ಕೂ ಅರ್ಧ. ಬ್ಲೂರೇಯಲ್ಲಿ ಬೆಳಕು 1920×1080 ಚುಕ್ಕೆ ಇದ್ದರೆ ಬಣ್ಣ ಬರೀ 960×540. ನಮ್ಮ ಕಡೆಯ ಪಾಲ್ (PAL) ಟಿವಿ ಪದ್ಧತಿಯ ಡಿವಿಡಿಯಲ್ಲಿ ಬೆಳಕು 720×576, ಬಣ್ಣ 360×288. ಹಳೆಯ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಂತೂ ಬಣ್ಣಕ್ಕೆ ಅಡ್ಡಕ್ಕೆ ಸಿಗುತ್ತಿದ್ದದ್ದು ಸುಮಾರು 40 ಗೆರೆಯಷ್ಟು ವಿವರ. ವಿಡಿಯೊ ಪಾರ್ಲರ್ ಕಾಲದ ಕ್ಯಾಸೆಟ್ಟುಗಳಲ್ಲಿ ಕೆಂಪು ಸೀರೆ ಉಟ್ಟವಳ ಸುತ್ತ ಕೆಂಪು ಹೊಗೆ ಹರಡಿದ ಹಾಗೆ ಕಾಣುತ್ತಿದ್ದದ್ದು ಇದೇ ಕಾರಣಕ್ಕೆ. ಸಾಧಾರಣ ದೃಶ್ಯದಲ್ಲಿ ಈ ಅರೆಬರೆ ಬಣ್ಣ ಯಾರಿಗೂ ತಿಳಿಯುವುದಿಲ್ಲ, ಯಾಕೆಂದರೆ ನಮ್ಮ ಕಣ್ಣು ಅಂಚನ್ನು ಬೆಳಕಿನಿಂದಲೇ ಹಿಡಿಯುತ್ತದೆ.

ಕೆಂಪಿನಲ್ಲಿ ತಿಳಿಯುತ್ತದೆ. ಎಚ್‌ಡಿ ವಿಡಿಯೊದ ಲೆಕ್ಕದಲ್ಲಿ ಬಿಳಿಯ ಬೆಳಕನ್ನು 100 ಎಂದರೆ ಹಸಿರಿನ ಪಾಲು ಸುಮಾರು 72, ಕೆಂಪಿನದು 21, ನೀಲಿಯದು 7. ಅಚ್ಚ ಕೆಂಪು ಎಷ್ಟು ಕೆಂಪಾಗಿದ್ದರೂ ಬೆಳಕಿನ ಖಾತೆಯಲ್ಲಿ ಅದರ ಪಾಲು ಐದರಲ್ಲಿ ಒಂದು ಚಿಲ್ಲರೆ ಅಷ್ಟೆ. ಉಳಿದ ಭಾರವೆಲ್ಲ ಬಣ್ಣದ ಖಾತೆಯ ಮೇಲೆ, ಆ ಖಾತೆಗೇ ಜಾಗ ಕಮ್ಮಿ. ನೆಲಮಾಳಿಗೆಯ ದೃಶ್ಯವೊಂದನ್ನು ತೆಗೆದುಕೊಳ್ಳಿ: ಕಪ್ಪು ಸಿಮೆಂಟ್ ನೆಲ, ಒಂದೇ ಬಲ್ಬು, ಬಾಗಿಲ ಸಂದಿಯಿಂದ ಬೆರಳಗಲದ ನೆತ್ತರು ನಿಧಾನಕ್ಕೆ ಹರಿದು ಬರುತ್ತಿದೆ. ಡಿವಿಡಿಯಲ್ಲಿ ಆ ಧಾರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ಮುಂದಿನ ತುದಿ ಜರುಗಿದಂತೆಲ್ಲ ಚೌಕಗಳು ಕುಣಿಯುತ್ತವೆ. ಬ್ಲೂರೇಯಲ್ಲಿ ಅಂಚು ಸರಿಯಾಗುತ್ತದೆ, ಆದರೆ ಹತ್ತಿರ ಹೋಗಿ ನೋಡಿದರೆ ಕೆಂಪು ಕಪ್ಪಿನೊಳಗೆ ಒಂದೆರಡು ಚುಕ್ಕೆಯಷ್ಟು ಸೋರಿರುತ್ತದೆ. 4ಕೆ ಡಿಸ್ಕಿನಲ್ಲಿ ಬೆಳಕು 3840×2160. ಬಣ್ಣ ಅದರ ಅರ್ಧರ್ಧವಾದರೂ 1920×1080. ಅಂದರೆ ಬ್ಲೂರೇಯಲ್ಲಿ ಬೆಳಕಿಗೆ ಸಿಗುತ್ತಿದ್ದಷ್ಟು ಜಾಗ ಈಗ ಬಣ್ಣಕ್ಕೇ ಸಿಕ್ಕಿತು. ಮೇಲಾಗಿ ಒಂದೊಂದು ಚುಕ್ಕೆಗೆ 8 ಬಿಟ್ ಬದಲು 10 ಬಿಟ್, 256 ಮಟ್ಟದ ಬದಲು 1024. ಆಗ ನೆತ್ತರಿನ ಮೇಲೆ ಬಲ್ಬಿನ ಪ್ರತಿಬಿಂಬ ಕಾಣುತ್ತದೆ, ಅದು ತೆಳುವಾಗಿದೆಯೋ ಅಂಟಾಗಿದೆಯೋ ಗೊತ್ತಾಗುತ್ತದೆ. ಹಾರರ್ ಸಿನಿಮಾಗೆ 4ಕೆ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಮುಖದ ರಂಧ್ರ ಎಣಿಸಲಿಕ್ಕಲ್ಲ, ಕೆಂಪಿಗೆ.

ನೆತ್ತರು ತೆಳುವೋ ಅಂಟೋ ಅನ್ನುವುದು ತಮಾಷೆಯ ವಿಷಯವಲ್ಲ. ತೋಟದಲ್ಲಿ ಓಡಾಡುವವರಿಗೆ ಜಿಗಣೆ ಬಿಟ್ಟ ಮೇಲೆ ಸಾಕ್ಸಿನೊಳಗೆ ಹರಿಯುವ ರಕ್ತ ಗೊತ್ತು. ಹೆಪ್ಪುಗಟ್ಟದ ಹಾಗೆ ಜಿಗಣೆ ಮದ್ದು ಬಿಟ್ಟಿರುವುದರಿಂದ ಅದು ನೀರಿನಂತೆ ತೆಳುವಾಗಿ ಇಳಿಯುತ್ತದೆ, ಸಂಜೆಗೆ ಸಾಕ್ಸು ಕಾಫಿ ಕಲೆಯ ಬಣ್ಣಕ್ಕೆ ತಿರುಗಿರುತ್ತದೆ. ಸಿನಿಮಾದ ನೆತ್ತರು ಹಾಗಾಗುವುದಿಲ್ಲ, ಅದಕ್ಕೇ ನಮ್ಮವರಿಗೆ ಅದು ಬೇಗ ಸುಳ್ಳು ಅನ್ನಿಸುವುದು. ಅದರ ಬುಡ ಜೋಳದ ಸಿರಪ್. ಅಮೆರಿಕದ ಮೇಕಪ್ ಕಲಾವಿದ ಡಿಕ್ ಸ್ಮಿತ್ ಹೆಸರಿನಲ್ಲಿ ಹೆಸರಾದ ಪಾಕದಲ್ಲಿ ಸಿರಪ್ಪಿಗೆ ಕೆಂಪು ಬಣ್ಣ, ಅದರ ಜೊತೆ ಸ್ವಲ್ಪ ಹಳದಿ, ಕೆಡದ ಹಾಗೆ ಮೀಥೈಲ್ ಪ್ಯಾರಾಬೆನ್, ಚರ್ಮದ ಮೇಲೆ ಮಣಿ ಮಣಿಯಾಗದೆ ಹರಡಲು ಫಿಲ್ಮ್ ತೊಳೆಯುವ ಫೋಟೊ-ಫ್ಲೋ ದ್ರಾವಣ. ಕೊನೆಯದು ವಿಷ, ಬಾಯಿಂದ ಉಗುಳುವ ನೆತ್ತರಿಗೆ ಅದನ್ನು ಹಾಕುವ ಹಾಗಿಲ್ಲ. ಹಳದಿ ಬಿಟ್ಟರೆ ಪಾಕ ಗುಲಾಬಿ ಕಡೆಗೆ ತಿರುಗಿ ಶರಬತ್ತಿನ ಹಾಗೆ ಕಾಣುತ್ತದೆ. 1960ರ ಕಪ್ಪು-ಬಿಳುಪು ‘ಸೈಕೋ’ದ ಸ್ನಾನದ ದೃಶ್ಯಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ದರು. ಬಣ್ಣವೇ ಇಲ್ಲದ ಮೇಲೆ ಬೇಕಿದ್ದದ್ದು ಬಿಳಿ ತೊಟ್ಟಿಯ ಮೇಲೆ ಗಾಢವಾಗಿ ಕಾಣುವ ದ್ರವ ಮಾತ್ರ. (ಬಣ್ಣ ಹೆದರಿಸುತ್ತದೆ ಅನ್ನುವುದಕ್ಕೆ ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ಸಾಕು. ಗೊತ್ತಿಲ್ಲದ ನೆಂಟರು ಅದನ್ನು ತಿಂದು ಮಾರನೇ ಬೆಳಿಗ್ಗೆ ಕೆಂಪು ಮೂತ್ರ ಕಂಡು ಬಚ್ಚಲಿನಿಂದ ಬಿಳಿಚಿಕೊಂಡು ಬರುವ ಮುಖ ಯಾವ ಸಿನಿಮಾದಲ್ಲೂ ಸಿಗುವುದಿಲ್ಲ.)

ಚಾಕು ಬಿದ್ದಾಗ ಚಿತ್ರ ಮಂಕಾಗುವುದು

ಸ್ಪೆಷಲ್ ಎಡಿಷನ್ನಿನ ಹಿಂಬದಿಯಲ್ಲಿ ದೊಡ್ಡಕ್ಷರದಲ್ಲಿ ಇರುವ ಮಾತು ‘ಅನ್‌ಕಟ್’. ಕತ್ತರಿ ಬಿದ್ದ ಕಥೆ ಗೊತ್ತಿದ್ದದ್ದೇ. ಬ್ರಿಟನ್ನಿನಲ್ಲಿ 1984ರ ವಿಡಿಯೊ ಕಾಯ್ದೆಯ ಹೊತ್ತಿಗೆ ‘ವಿಡಿಯೊ ನ್ಯಾಸ್ಟಿ’ (ಅಸಹ್ಯ ವಿಡಿಯೊ) ಎಂದು ಪಟ್ಟಿಗೆ ಸೇರಿದ್ದವು 72 ಸಿನಿಮಾ. ಅವುಗಳಲ್ಲಿ ‘ಈವಿಲ್ ಡೆಡ್’ ಅಲ್ಲಿ ಪೂರ್ತಿಯಾಗಿ ಹೊರಬಂದದ್ದು 2001ರಲ್ಲಿ. ನಮ್ಮಲ್ಲಿ 1952ರ ಕಾಯ್ದೆ, ‘ಎ’ ಸರ್ಟಿಫಿಕೇಟು, ಅದರ ಮೇಲೂ ಕತ್ತರಿ. ಅಮೆರಿಕದಲ್ಲಿ ದೊಡ್ಡವರಿಗೆ ಮಾತ್ರ ಅನ್ನುವ ಎಕ್ಸ್ ರೇಟಿಂಗ್ ತಪ್ಪಿಸಿಕೊಳ್ಳಲು ನಿರ್ಮಾಪಕರೇ ಕತ್ತರಿಸಿಕೊಂಡರು, ಕತ್ತರಿಸಿದ ನೆಗೆಟಿವ್ ತುಂಡುಗಳನ್ನು ಎಸೆದರು. ಇವತ್ತಿನ ತೊಂದರೆ ಅಲ್ಲಿಂದ ಶುರು. ಸಿನಿಮಾದ ಉಳಿದ ಭಾಗಕ್ಕೆ ಮೂಲ ನೆಗೆಟಿವ್ ಇದೆ, 4ಕೆ ಸ್ಕ್ಯಾನ್ ಆಗಿದೆ. ತುಂಡಾದ ಭಾಗ ಸಿಕ್ಕರೆ ಯಾವುದೋ ಸವೆದ ಪ್ರಿಂಟಿನಲ್ಲಿ, ಕೆಲವೊಮ್ಮೆ ಬರೀ ಟೇಪಿನಲ್ಲಿ. ಅದನ್ನು ತಂದು ಜೋಡಿಸುತ್ತಾರೆ.

ನೋಡುವವರ ಅನುಭವ ವಿಚಿತ್ರವಾಗಿರುತ್ತದೆ. ಒಂದೂಕಾಲು ಗಂಟೆ ಚಿತ್ರ ಕನ್ನಡಿಯ ಹಾಗೆ ಸ್ವಚ್ಛ. ಕೊಲೆಗಾರ ಕೈ ಎತ್ತುತ್ತಾನೆ. ಆ ಕ್ಷಣದಲ್ಲಿ ಫಿಲ್ಮಿನ ಕಣಗಳು ದಪ್ಪವಾಗುತ್ತವೆ, ಕಪ್ಪು ಕಂದಾಗುತ್ತದೆ, ಒಂದು ಹಸಿರು ಗೀರು ಮೇಲಿಂದ ಕೆಳಕ್ಕೆ ಓಡುತ್ತದೆ, ಶಬ್ದ ಡಬ್ಬದೊಳಗಿನಿಂದ ಬಂದ ಹಾಗಾಗುತ್ತದೆ. ಕೈ ಇಳಿದ ಮೇಲೆ ಮತ್ತೆ ಸ್ವಚ್ಛ. ಯಾವ ಎರಡು ಸೆಕೆಂಡಿಗಾಗಿ ಈ ಆವೃತ್ತಿ ಕೊಂಡದ್ದೋ ಆ ಎರಡು ಸೆಕೆಂಡೇ ಮಂಕು. 1981ರ ಕೆನಡಾದ ಗಣಿ ಸಿನಿಮಾ ‘ಮೈ ಬ್ಲಡಿ ವ್ಯಾಲೆಂಟೈನ್’ 2009ರಲ್ಲಿ ಡಿಸ್ಕಿಗೆ ಬಂದಾಗ ಮರಳಿಸಿದ ಸುಮಾರು ಮೂರು ನಿಮಿಷದ ತುಣುಕುಗಳಲ್ಲಿ ಈ ಬದಲಾವಣೆ ಬರಿಗಣ್ಣಿಗೇ ಕಾಣುತ್ತದೆ. ನನಗೆ ಇದು ದೋಷ ಅನ್ನಿಸುವುದಿಲ್ಲ. ಎಲ್ಲಿ ಕತ್ತರಿ ಬಿದ್ದಿತ್ತೆಂಬ ಗುರುತು ಅದು, ಗಾಯದ ಹೊಲಿಗೆಯ ಹಾಗೆ. ಅದನ್ನು ಕಂಪ್ಯೂಟರಿನಲ್ಲಿ ಉಜ್ಜಿ ಸುತ್ತಲಿನ ಚಿತ್ರಕ್ಕೆ ಹೊಂದಿಸಿದ ಆವೃತ್ತಿಗಳೇ ನನಗೆ ಹೆಚ್ಚು ಅನುಮಾನ ಹುಟ್ಟಿಸುವುದು. ಕಣ ತೆಗೆದರೆ ಚರ್ಮ ಮೇಣವಾಗುತ್ತದೆ. ನಟನ ನಿಜವಾದ ಕುತ್ತಿಗೆಯೂ ರಬ್ಬರ್ ಕುತ್ತಿಗೆಯೂ ಆಗ ಒಂದೇ ಥರ ಕಾಣುತ್ತವೆ, ಮೇಕಪ್ಪಿನವರ ಕೆಲಸ ಹಾಳು. ಇನ್ನು ಕೆಲವು ಸಲ ಕಳೆದದ್ದು ಕಳೆದೇ ಹೋಯಿತು. 1976ರ ‘ಟ್ಯಾಕ್ಸಿ ಡ್ರೈವರ್’ ಹಾರರ್ ಅಲ್ಲದಿದ್ದರೂ ಉದಾಹರಣೆಗೆ ಸರಿ: ಕೊನೆಯ ಗುಂಡಿನ ದೃಶ್ಯದಲ್ಲಿ ರೇಟಿಂಗ್‌ಗಾಗಿ ಕೆಂಪನ್ನು ಮಂಕು ಮಾಡಿದರು, ಇವತ್ತಿನ ಡಿಸ್ಕಿನಲ್ಲೂ ಆ ನೆತ್ತರು ಕಂದು ಬಣ್ಣದ್ದೇ.

ಕೊಳ್ಳುವ ಮೊದಲು ಲೆಕ್ಕ ಹಾಕಬೇಕಾದ್ದು ಜಾಗ. 90 ನಿಮಿಷದ ಸಿನಿಮಾವನ್ನು ಸೆಕೆಂಡಿಗೆ 30 ಮೆಗಾಬಿಟ್‌ನಲ್ಲಿ ತುಂಬಿದರೆ ಸುಮಾರು 20 ಜಿಬಿ. ಬ್ಲೂರೇಯ ಎರಡು ಪದರದ ಡಿಸ್ಕ್ 50 ಜಿಬಿ. ಥಿಯೇಟರ್ ಆವೃತ್ತಿ, ಅನ್‌ಕಟ್ ಆವೃತ್ತಿ ಎರಡನ್ನೂ ಬೇರೆ ಬೇರೆಯಾಗಿ ಒಂದೇ ಡಿಸ್ಕಿಗೆ ಹಾಕಿ, ಮೇಲೆ ಎರಡು ಗಂಟೆಯ ಸಂದರ್ಶನ, ಮೂರು ಆಡಿಯೊ ಸೇರಿಸಿದರೆ ಎಲ್ಲೋ ಹಿಂಡಲೇಬೇಕು. ಹಿಂಡಿದ್ದು ಮೊದಲು ಕಾಣುವುದು ಕತ್ತಲೆಯಲ್ಲಿ. ಹೀಗಾಗಿ ಎರಡು ಡಿಸ್ಕ್ ಇರುವುದನ್ನು, ಇಲ್ಲವೇ ಸಮಾನ ಭಾಗವನ್ನು ಒಮ್ಮೆ ಮಾತ್ರ ಬರೆದು ಬೇಕಾದಲ್ಲಿ ಕವಲೊಡೆಯುವ ಬಗೆಯದನ್ನು ಆರಿಸಿ. ಕವಲಿನ ಜಾಗದಲ್ಲಿ ಹಳೆಯ ಪ್ಲೇಯರುಗಳು ಅರ್ಧ ಸೆಕೆಂಡು ತಡವರಿಸುತ್ತವೆ, ಅದು ಡಿಸ್ಕಿನ ದೋಷವಲ್ಲ. ರೀಜನ್ ಮರೆಯಬೇಡಿ, ಒಂದು ವಲಯದ ಬೀಗ ಹಾಕಿದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡುವುದಿಲ್ಲ: ಬ್ಲೂರೇಯಲ್ಲಿ ಭಾರತ ಸಿ, ಅಮೆರಿಕ ಎ, ಯುರೋಪು ಬಿ, ಡಿವಿಡಿಯಲ್ಲಿ ನಾವು 5. ಇಂಥ ಸಿನಿಮಾಗಳ ಒಳ್ಳೆಯ ಆವೃತ್ತಿ ಹೆಚ್ಚಾಗಿ ಎ ಅಥವಾ ಬಿ ಬೀಗ ಹಾಕಿಕೊಂಡು ಬರುತ್ತದೆ. 4ಕೆ ಡಿಸ್ಕಿಗೆ ರೀಜನ್ ಬೀಗ ಇಲ್ಲ, ಆದರೆ ಅದೇ ಡಬ್ಬಿಯಲ್ಲಿ ಬರುವ ಬ್ಲೂರೇಗೆ ಇರಬಹುದು; ಸಂದರ್ಶನಗಳೆಲ್ಲ ಅದರಲ್ಲೇ ಇದ್ದರೆ ಅರ್ಧ ದುಡ್ಡು ನೀರಿಗೆ.

ಸ್ಟ್ರೀಮಿಂಗ್‌ನಲ್ಲೇ ಇದೆಯಲ್ಲ ಅನ್ನುವವರಿಗೆ: ಅಲ್ಲಿ 4ಕೆ ಎಂದರೆ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್, ಅದೂ ಲೈನು ಚೆನ್ನಾಗಿದ್ದರೆ. ಜುಲೈಯಲ್ಲಿ ಸಿಲ್ವರ್ ಓಕ್ ಕೊಂಬೆ ಕೇಬಲ್ ಮೇಲೆ ಬಿದ್ದ ದಿನ ಅದೂ ಇಲ್ಲ.

ಪ್ಲೇಯರು, ಟಿವಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಟಿವಿಯಲ್ಲಿ ಚಲನೆ ನಯವಾಗಿಸುವ ಸೆಟ್ಟಿಂಗ್ ತೆಗೆಯಿರಿ, 24 ಫ್ರೇಮಿನ ಸಿನಿಮಾ ಧಾರಾವಾಹಿಯ ಹಾಗೆ ಕಾಣುವುದು ಅದರಿಂದ. ಶಾರ್ಪ್‌ನೆಸ್, ಡೈನಾಮಿಕ್ ಕಾಂಟ್ರಾಸ್ಟ್ ಎರಡನ್ನೂ ಇಳಿಸಿ. ಕತ್ತಲೆಯ ದೃಶ್ಯದಲ್ಲಿ ಏನೂ ಕಾಣದಿದ್ದರೆ ಎಚ್‌ಡಿಎಂಐ ರೇಂಜ್ ನೋಡಿ. ವಿಡಿಯೊದಲ್ಲಿ ಕಪ್ಪು 16ರಿಂದ ಶುರುವಾಗುತ್ತದೆ, ಕಂಪ್ಯೂಟರಿನಲ್ಲಿ 0ಯಿಂದ. ಪ್ಲೇಯರು ‘ಫುಲ್’ ಕಳಿಸಿ ಟಿವಿ ‘ಲಿಮಿಟೆಡ್’ ಎಂದುಕೊಂಡರೆ ನೆರಳೆಲ್ಲ ಇದ್ದಿಲಾಗುತ್ತದೆ, ಕಂಬದ ಹಿಂದೆ ನಿಂತವನೂ ಮಾಯ. ತಿರುವುಮುರುವಾದರೆ ಎಲ್ಲವೂ ಮಂಜು ಬಿದ್ದ ರಾಜಾಸೀಟಿನ ಹಾಗೆ ಬೂದು. ಎರಡೂ ಕಡೆ ಒಂದೇ ಇರಲಿ. ತಗಡಿನ ಮಾಡಿನ ಮೇಲೆ ಮಳೆ ಜಡಿಯುವಾಗ ಪಿಸುಮಾತು ಕೇಳುವುದಿಲ್ಲವೆಂದು ‘ನೈಟ್ ಮೋಡ್’ ಹಾಕಿದರೆ ಪಿಸುಮಾತೂ ಕಿರುಚಾಟವೂ ಒಂದೇ ಮಟ್ಟಕ್ಕೆ ಬಂದು ಬೆಚ್ಚಿಬೀಳುವ ಜಾಗ ಸಪ್ಪೆಯಾಗುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳುವುದೇ ಮೇಲು. ನಾಲ್ಕು ದಿನ ಮುಟ್ಟದ ಪ್ಲೇಯರನ್ನು ತಣ್ಣನೆಯ ಬೆಳಿಗ್ಗೆ ಆನ್ ಮಾಡಿ ತಕ್ಷಣ ಡಿಸ್ಕ್ ಹಾಕಬೇಡಿ. ಲೆನ್ಸಿನ ಮೇಲೆ ತೇವ ಕೂತಿರುತ್ತದೆ, ‘ಡಿಸ್ಕ್ ಓದಲಾಗುತ್ತಿಲ್ಲ’ ಅನ್ನುತ್ತದೆ. ಟ್ರೇ ಮುಚ್ಚಿ ಅರ್ಧ ಗಂಟೆ ಬರೀ ಓಡಲು ಬಿಡಿ, ಒಳಗಿನ ಬಿಸಿಗೆ ಆರುತ್ತದೆ.

ಡಬ್ಬಿಯ ಲೆಕ್ಕ, ಅಂದರೆ ಕಾಫಿಯ ಲೆಕ್ಕ

ಬೂಷ್ಟಿಗೆ ಬೇಕಾದ್ದು ಶೇಕಡಾ 65–70 ದಾಟಿದ ತೇವ, ತಿನ್ನಲು ಕಾಗದ ಮತ್ತು ಅಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲನೆಯದನ್ನು ನಾವು ಪುಕ್ಕಟೆ ಕೊಡುತ್ತೇವೆ, ಎರಡನೆಯದನ್ನು ದುಡ್ಡು ಕೊಟ್ಟು ತರಿಸುತ್ತೇವೆ. ಹೆಚ್ಚಿನವರು ಮಾಡುವ ತಪ್ಪು: ಮಳೆ ಶುರುವಾದ ಮೇಲೆ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ಲಿನ ಎರಡು ಪುಟ್ಟ ಪೊಟ್ಟಣ ಎಸೆದು, ಬಾಯಿ ಕಟ್ಟುವುದು. ಗಾಳಿ ಒಳಗೆ ಬಾರದಿದ್ದರೆ ಸಾಕೆಂಬ ನಂಬಿಕೆ. ಆದರೆ ನೀರಿರುವುದು ಗಾಳಿಯಲ್ಲಿ ಅಲ್ಲ. 50 ಲೀಟರಿನ ಪೆಟ್ಟಿಗೆಯ ಗಾಳಿ ಎಷ್ಟೇ ತೇವವಿದ್ದರೂ ಅದರಲ್ಲಿ ಇರುವುದು ಒಂದು ಗ್ರಾಮಿನ ಆಸುಪಾಸು ನೀರು. ಉಳಿದದ್ದೆಲ್ಲ ರಟ್ಟಿನೊಳಗೆ. ಮಳೆಗಾಲದ ರಟ್ಟು ತನ್ನ ತೂಕದ ಶೇಕಡಾ 14ರಷ್ಟು ನೀರು ಹೊತ್ತಿರಬಹುದು. ಸುರಕ್ಷಿತ ಅನ್ನಿಸಿಕೊಳ್ಳಲು ಅದು 8ಕ್ಕೆ ಇಳಿಯಬೇಕು. ಒಂದು ಕಿಲೊ ರಟ್ಟಿನಿಂದ 60 ಗ್ರಾಮ್ ನೀರು ತೆಗೆಯಬೇಕೆಂದಾಯಿತು. ಆ ಮಟ್ಟದ ತೇವದಲ್ಲಿ ಸಿಲಿಕಾ ಜೆಲ್ ಹಿಡಿಯುವುದು ತನ್ನ ತೂಕದ ಕಾಲುಭಾಗದಷ್ಟು. ಹಾಗಾದರೆ ಒಂದು ಕಿಲೊ ಡಬ್ಬಿಗೆ ಕಾಲು ಕಿಲೊ ಜೆಲ್. ಚಪ್ಪಲಿ ಡಬ್ಬಿಯಲ್ಲಿ ಸಿಗುವ ಪೊಟ್ಟಣ ಒಂದೆರಡು ಗ್ರಾಮಿನದು.

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದ ಬೀಜ) ಶೇಕಡಾ 10 ತೇವಕ್ಕೆ, ರೋಬಸ್ಟಾ ಚೆರಿ (ಹಣ್ಣಾಗಿಯೇ ಒಣಗಿಸಿದ್ದು) 11ಕ್ಕೆ ಇಳಿಯದೆ ಚೀಲ ಕಟ್ಟಿದರೆ ಗೋದಾಮಿನಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತು. ಡಬ್ಬಿಗೂ ಅದೇ ನಿಯಮ: ಮೊದಲು ಒಣಗಿಸಿ, ಆಮೇಲೆ ಮುಚ್ಚಿ. ಒಣಗಿಸುವ ಕಾಲವೂ ಅದೇ, ಜನವರಿ–ಫೆಬ್ರವರಿ, ಕಣದಲ್ಲಿ ಕಾಫಿ ಹರಡಿರುವಾಗ. ಆದರೆ ಕಣದ ಬಿಸಿಲಿಗೆ ಡಬ್ಬಿ ಹಾಕಬಾರದು. ಮುದ್ರಣದ ನಾಲ್ಕು ಶಾಯಿಗಳಲ್ಲಿ ಬಿಸಿಲಿಗೆ ಬೇಗ ಸೋಲುವುದು ಕೆಂಪು ಕೊಡುವ ಮಜೆಂಟಾ ಮತ್ತು ಹಳದಿ. ಕಿಟಕಿಯ ಪಕ್ಕ ಒಂದೆರಡು ವರ್ಷ ಇಟ್ಟ ನೆತ್ತರಿನ ಮುಖಪುಟ ತಿಳಿ ನೀಲಿಗೆ ತಿರುಗಿರುತ್ತದೆ, ಕೊಲೆಗಾರ ಬಟ್ಟೆಗೆ ನೀಲಿ ಹಾಕಲು ಹೊರಟವನ ಹಾಗೆ ಕಾಣುತ್ತಾನೆ. ಜಗಲಿಯ ನೆರಳಿನಲ್ಲಿ, ಡಬ್ಬಿ ಬಿಚ್ಚಿ, ಪುಸ್ತಿಕೆಯನ್ನು ಬೀಸಣಿಗೆಯ ಹಾಗೆ ತೆರೆದು ನಿಲ್ಲಿಸಿ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಮೂರು ನಾಲ್ಕು ದಿನ. ಇಬ್ಬನಿ ಬೀಳುವ ಮೊದಲು ಒಳಗೆ. ಆಮೇಲೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೊಂದು ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್, ಬಟ್ಟೆಯ ಚೀಲದಲ್ಲಿ ಜೆಲ್. ಮುಳ್ಳು 45ರಿಂದ 50ರಲ್ಲಿ ನಿಲ್ಲಬೇಕು. 35ಕ್ಕಿಂತ ಕೆಳಗೆ ಹೋದರೆ ರಟ್ಟು ಬಾಗಿ ಅಂಟು ಬಿರುಕು ಬಿಡುತ್ತದೆ.

ಜೆಲ್ ಕಿತ್ತಳೆ ಬಣ್ಣದ್ದೇ ಇರಲಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ನೋಡಿ ನಂಬುವ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ: 500 ಗ್ರಾಮಿನ ಚೀಲ 600 ತೂಗಿದರೆ 100 ಗ್ರಾಮ್ ನೀರು ಕುಡಿದಿದೆ, ತೆಗೆಯುವ ಹೊತ್ತು. ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ, ತೆಳುವಾಗಿ ಹರಡಿ. ಹೆಚ್ಚು ಕಾಯಿಸಿದರೆ ಬಣ್ಣ ಕಪ್ಪಾಗಿ ಸೂಚನೆ ಕೊಡುವ ಗುಣ ಹೋಗುತ್ತದೆ.

ಬೀರಿನಲ್ಲಿ ಬಲ್ಬು ಉರಿಸುವ ಹಳೆಯ ಉಪಾಯವೂ ಸರಿಯಾದದ್ದೇ, ಅದರ ಹಿಂದೆ ಲೆಕ್ಕವಿದೆ. 20 ಡಿಗ್ರಿಯ, ಶೇಕಡಾ 95 ತೇವದ ಗಾಳಿಯನ್ನು 27 ಡಿಗ್ರಿಗೆ ಬೆಚ್ಚಗೆ ಮಾಡಿದರೆ, ಒಂದು ಹನಿ ನೀರೂ ತೆಗೆಯದೆ, ತೇವದ ಅಂಕೆ 60ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಅದಕ್ಕೆ ಹಳೆಯ ತಂತಿಯ ಬಲ್ಬು ಬೇಕು, ಎಲ್‌ಇಡಿಯ ಬಿಸಿ ಸಾಲದು. ಮತ್ತೆ, ಜೋರು ಮಳೆ ಬಂದ ವಾರದಲ್ಲೇ ಕರೆಂಟು ಇರುವುದಿಲ್ಲ. ಬೀರನ್ನು ಪಡುವಣ ಗೋಡೆಗೆ ಒತ್ತಿ ಇಡಬೇಡಿ, ಮಳೆ ಹೊಡೆಯುವುದು ಆ ಗೋಡೆಗೇ. ನಾಲ್ಕು ಬೆರಳು ಜಾಗ ಬಿಡಿ. ನುಸಿಗುಳಿಗೆ ಬೇಡವೇ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ ಟ್ರೇಗಳನ್ನು ಮೆತ್ತಗೆ ಮಾಡಿ ಅಂಟಿಸಿಬಿಡುತ್ತದೆ. ತಗಡಿನ ಸ್ಟೀಲ್‌ಬುಕ್ ಬೂಷ್ಟು ಹಿಡಿಯುವುದಿಲ್ಲ ಎಂದು ಖುಷಿಪಡುವವರು ಅದರ ಬೆನ್ನಿನ ಮಡಿಕೆ ನೋಡಲಿ, ಬಣ್ಣ ಸವೆದ ಕಡೆ ತುಕ್ಕು ಶುರುವಾಗಿರುತ್ತದೆ.

ಬೂಷ್ಟು ಬಂದೇ ಬಿಟ್ಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಬೀಜ ಬಿತ್ತಿದ ಹಾಗೆ. ಮೊದಲು ಒಣಗಿಸಿ, ಮಾಸ್ಕ್ ಹಾಕಿ, ಹೊರಗೆ ನಿಂತು ಮೆತ್ತನೆಯ ಬ್ರಶ್ಶಿನಿಂದ ಉದುರಿಸಿ. ಡಿಸ್ಕಿನ ಮೇಲೆ ಪೊರೆ ಕಂಡರೆ ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ಸೋಪಿನ ಒಂದು ಹನಿ, ಮೈಕ್ರೋಫೈಬರ್ ಬಟ್ಟೆ, ನಡುವಿನಿಂದ ಅಂಚಿನ ಕಡೆಗೆ ನೇರ ಒರಸು. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಲೇಸರಿನ ದಾರಿಯಲ್ಲೇ ಉದ್ದಕ್ಕೂ ಕೂರುತ್ತದೆ. ತಿನ್ನರ್, ಅಸಿಟೋನ್ ಮುಟ್ಟಿಸಬೇಡಿ. ಬ್ಲೂರೇಯ ಮಾಹಿತಿ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ, ಡಿವಿಡಿಯದು 0.6. ಆದ್ದರಿಂದ ಡಿವಿಡಿ ಸಹಿಸುವ ಕಲೆಯನ್ನು ಬ್ಲೂರೇ ಸಹಿಸುವುದಿಲ್ಲ. ಡಿಸ್ಕಿಗೆ ಸಾವೇ ಇಲ್ಲವೆಂದಲ್ಲ. ಅಂಚಿನ ಅಂಟು ಸರಿಯಿಲ್ಲದಿದ್ದರೆ ತೇವ ಒಳನುಗ್ಗಿ ಅಲ್ಯೂಮಿನಿಯಂ ಪದರ ಕಂದಾಗುತ್ತದೆ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್‌ನಿಂದ ತಂದ ಸಿಡಿಯೊಂದರಲ್ಲಿ ಶಿಲೀಂಧ್ರವೇ ಅಂಚಿನಿಂದ ಒಳಹೊಕ್ಕು ಪದರ ತಿಂದದ್ದು ಸುದ್ದಿಯಾಗಿತ್ತು. ಅದೂ ಬಿಸಿಲು ಮಳೆ ಎರಡೂ ಹೆಚ್ಚಿರುವ ಊರು. ವರ್ಷಕ್ಕೊಮ್ಮೆ ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ಅಂಚು ನೋಡುವುದು ಒಳ್ಳೆಯದು.

ಕೊನೆಗೆ ಕೊಳ್ಳುವ ಮಾತು. ನನ್ನ ಲೆಕ್ಕದಲ್ಲಿ ಕೊಡಗಿನ ಮನೆಗೆ ಸಾದಾ ಕೇಸಿನ, ಎರಡು ಡಿಸ್ಕಿನ 4ಕೆ ಆವೃತ್ತಿ ಸಾಕು. ರಟ್ಟಿನ ಡಬ್ಬಿಯೇ ಬೇಕೆಂದರೆ ಆರ್ಡರನ್ನು ನವೆಂಬರ್–ಡಿಸೆಂಬರಿನ ಪುತ್ತರಿ ಹಬ್ಬದ ನಂತರಕ್ಕೆ ಇಟ್ಟುಕೊಳ್ಳಿ. ಜುಲೈಯಲ್ಲಿ ಕೊರಿಯರ್ ಹುಡುಗ ರೈನ್‌ಕೋಟಿನೊಳಗೆ ಇಟ್ಟು ತಂದರೂ ಅದು ಮೈಸೂರಿನಿಂದ ಘಟ್ಟ ಹತ್ತುವಷ್ಟರಲ್ಲೇ ನೀರು ಕುಡಿದಿರುತ್ತದೆ. ಸುತ್ತಿದ ಪಾರದರ್ಶಕ ಹಾಳೆಯನ್ನು ‘ಸೀಲ್ಡ್’ ಎಂದು ಹಾಗೇ ಇಡಬೇಡಿ, ಅದು ಕುಗ್ಗುತ್ತಾ ಡಬ್ಬಿಯ ಮೂಲೆಗಳನ್ನು ಒಳಕ್ಕೆ ಎಳೆಯುತ್ತದೆ. ಮತ್ತೊಂದು ಸಣ್ಣ ವಿಷಯ: ಮುಖಪುಟದ ಹಾಳೆ ಎರಡೂ ಬದಿ ಮುದ್ರಣ ಆಗಿದೆಯಾ ನೋಡಿ. ನಡುಮನೆಯ ತೂಗುದೀಪದ ಎದುರಿನ ಕಪಾಟಿನಲ್ಲಿ ಕಡಿದ ತಲೆಯ ಚಿತ್ರ ಕಂಡರೆ ಮನೆಯ ಹಿರಿಯರು ‘ಎಂಥದು ಮಾರಾಯ ಇದು, ದೀಪದ ಎದುರು’ ಅನ್ನದೆ ಇರುವುದಿಲ್ಲ. ಹಾಳೆಯನ್ನು ತಿರುಗಿಸಿ ಹಾಕಿದರೆ ಹೆಚ್ಚಿನ ಸಲ ಹಿಂಬದಿಯಲ್ಲಿ ಹಳೆಯ ಪೋಸ್ಟರ್ ಇರುತ್ತದೆ, ಒಂದು ಕತ್ತಲೆಯ ಮನೆ, ಒಂದು ಕಿಟಕಿಯಲ್ಲಿ ದೀಪ, ಅಷ್ಟೆ.